ಅವಳು ಕಾದಿದ್ದ ಜಾಗಗಳು

ನನಗೆ ಮಾತು ಬಂದದ್ದು ಬೀಡಿಯ ಗೆರಸೆಯ ಮುಂದೆ. ಬಂಟ್ವಾಳದ ನಮ್ಮ ಮನೆಯ ಜಗಲಿಯಲ್ಲಿ ಅಜ್ಜಿ, ಅಜ್ಜಿಯ ತಂಗಿ, ಪಕ್ಕದ ಮನೆಯ ಇಬ್ಬರು ದೊಡ್ಡಮ್ಮಂದಿರು ಮಡಿಲಲ್ಲಿ ಎಲೆ, ತಂಬಾಕು ತುಂಬಿದ ಗೆರಸೆ ಇಟ್ಟುಕೊಂಡು ಬೆಳಗಿನಿಂದ ಸಂಜೆಯವರೆಗೆ ಬೀಡಿ ಸುತ್ತುತ್ತಿದ್ದರು. ಕೈಗೆ ಕೆಲಸ, ಬಾಯಿಗೆ ರಜೆ. ಯಾರ ಮನೆಯಲ್ಲಿ ಹೆಣ್ಣು ನೋಡಲು ಬಂದವರು ಎಷ್ಟು ಕಡುಬು ತಿಂದರು ಎಂಬಲ್ಲಿಂದ ಹಿಡಿದು, ನೇತ್ರಾವತಿಯಲ್ಲಿ ನೆರೆ ಬಂದ ವರ್ಷ ಯಾರ ಎಮ್ಮೆ ಯಾರ ಹಟ್ಟಿಯಲ್ಲಿ ಸಿಕ್ಕಿತು ಎಂಬವರೆಗೆ ಅಲ್ಲಿ ಬಾರದ ಕತೆಯಿಲ್ಲ. ಆ ಜಗಲಿಯಲ್ಲಿ ಯಾರಾದರೂ ಸುಮ್ಮನೆ ಕೂತರೆ ಅದಕ್ಕೆ ಎರಡೇ ಕಾರಣ. ಒಂದೋ ಜಗಳ, ಇಲ್ಲವೇ ಜ್ವರ. ಹಾಗಾಗಿ ನಾನು ದೊಡ್ಡವಳಾಗಿ ಗಣಿತದ ಉಪನ್ಯಾಸಕಿಯಾದ ಮೇಲೂ ಒಂದು ಕೋಣೆ ನಿಶ್ಶಬ್ದವಾದರೆ ನನಗೆ ಯಾರಿಗೋ ಜ್ವರ ಬಂದ ಹಾಗೆ ಎನಿಸುತ್ತಿತ್ತು. ಕೂಡಲೇ ಬಾಯಿ ಹಾಕಿ ಅದನ್ನು ತುಂಬಿಸಿಬಿಡುತ್ತಿದ್ದೆ.

ನನ್ನ ಗೆಳತಿ ಹಾಗಲ್ಲ. ಮೂಡುಬಿದಿರೆಯ ಹತ್ತಿರದ ನಮ್ಮ ಪದವಿ ಕಾಲೇಜಿಗೆ ಇಬ್ಬರೂ ಒಂದೇ ವರ್ಷ ಸೇರಿದವರು, ಒಂದೇ ಮೇಜಿನ ಎರಡು ಬದಿಯಲ್ಲಿ ಹದಿನಾಲ್ಕು ವರ್ಷ ಕೂತವರು. ಅವಳದು ಮೂಡುಬಿದಿರೆ ಪೇಟೆಯ ಹಳೆಯ ಜೈನ ಮನೆ. ತಂದೆ ಒಂದು ಸಣ್ಣ ಬಸದಿಯ ಉಸ್ತುವಾರಿ ನೋಡಿಕೊಂಡಿದ್ದವರು, ಈಗಿಲ್ಲ. ಮನೆಯಲ್ಲಿ ಅವಳು ಮತ್ತು ಅವಳ ಅಮ್ಮ. ಅವಳ ಅಜ್ಜಿ ಅಷ್ಟಮಿ, ಚತುರ್ದಶಿಯ ದಿನ ಮೌನ ಹಿಡಿಯುತ್ತಿದ್ದರಂತೆ. ಆ ದಿನ ಮನೆಯ ಮಕ್ಕಳು ಅಜ್ಜಿಯ ಬೆರಳು ನೋಡಿ ಉಪ್ಪು ಬೇಕೋ ನೀರು ಬೇಕೋ ತಿಳಿದುಕೊಳ್ಳಬೇಕು. "ಅಜ್ಜಿ ಮಾತಾಡದ ದಿನ ನಾವು ಹೆಚ್ಚು ಹುಷಾರಿನಲ್ಲಿ ಇರ್ತಿದ್ದೆವು ಮಾರಾಯ್ತಿ," ಎಂದು ಅವಳು ಒಮ್ಮೆ ಹೇಳಿದ್ದಳು. ಅವಳ ಪಾಠದ ಕ್ರಮ ಪೂರ್ತಿ ಆ ಒಂದು ಮಾತಿನಲ್ಲಿತ್ತು. ನನಗೆ ಅದು ಗೊತ್ತಾದದ್ದು ಬಹಳ ತಡವಾಗಿ.

ಅವಳು ಪ್ರಶ್ನೆ ಕೇಳಿ ಚಾಕ್‌ಪೀಸನ್ನು ಮೇಜಿನ ಮೇಲೆ ಇಡುತ್ತಿದ್ದಳು. ಅಷ್ಟೆ. ಯಾರಾದರೂ ಬಾಯಿ ಬಿಡುವವರೆಗೆ ಅದನ್ನು ಪುನಃ ಎತ್ತುತ್ತಿರಲಿಲ್ಲ. ಮೊದಲ ಸಾಲಿನ ಇಬ್ಬರು ಜಾಣರು ಮಾತ್ರ ಉತ್ತರಿಸಿ ಉಳಿದವರು ಬಗ್ಗಿ ಕೂರುವುದನ್ನು ಕಂಡು ಕೆಲವು ವರ್ಷಗಳ ಹಿಂದೆ ಅವಳು ಫೋನು ಹಿಡಿದಳು. ತರಗತಿಯಲ್ಲಿ ಫೋನು ತೆಗೆಯಬಾರದು ಎಂಬುದು ಕಾಲೇಜಿನ ಕಾನೂನು. ಪ್ರಿನ್ಸಿಪಾಲರ ಬಾಗಿಲಲ್ಲಿ ಮೂರು ಸಲ ನಿಂತು ಅನುಮತಿ ತಂದಳು. ಪರದೆಯ ಮೇಲೆ ಪ್ರಶ್ನೆ, ಕೆಳಗೆ ನಾಲ್ಕು ಉತ್ತರ. ಪ್ರತಿಯೊಬ್ಬರೂ ಹೆಸರು ಹೇಳದೆ ತಮ್ಮ ಫೋನಿನಿಂದ ಮತ ಹಾಕಬೇಕು. ಒಂದೊಂದು ಉತ್ತರಕ್ಕೆ ಬಿದ್ದ ಮತದಷ್ಟು ಎತ್ತರಕ್ಕೆ ಪರದೆಯ ಮೇಲೆ ಪಟ್ಟಿಗಳು ಏಳುತ್ತವೆ. ಯಾರಿಗೂ ಸರಿಯುತ್ತರ ಹೇಳುವುದಿಲ್ಲ. "ಪಕ್ಕದವರ ಹತ್ತಿರ ಜಗಳ ಮಾಡಿ, ತುಳುವಿನಲ್ಲಿ ಮಾಡಿ, ಬ್ಯಾರಿಯಲ್ಲಿ ಮಾಡಿ, ಬೇಕಾದ್ರೆ ಕೊಂಕಣಿಯಲ್ಲಿ ಮಾಡಿ. ಮತ್ತೆ ಒಮ್ಮೆ ಮತ ಹಾಕುವ." ಎರಡನೆಯ ಸಲ ಪಟ್ಟಿಗಳು ಜಾಗ ಬದಲಿಸಿರುತ್ತವೆ. ಮಕ್ಕಳು ಅದಕ್ಕೆ ಎಲೆಕ್ಷನ್ ಎಂದು ಹೆಸರಿಟ್ಟಿದ್ದರು. "ಇವತ್ತು ಎಲೆಕ್ಷನ್ ಉಂಟಾ ಮ್ಯಾಮ್?" ಎಂದು ಬಾಗಿಲಲ್ಲೇ ಕೇಳುವರು.

ಒಂದು ದಿನ ನನ್ನನ್ನೂ ಹಿಂದಿನ ಬೆಂಚಿನಲ್ಲಿ ಕೂರಿಸಿದಳು. ಪ್ರಶ್ನೆ ಇಷ್ಟೆ: ಸೊನ್ನೆ ಬಿಂದು ಒಂಬತ್ತು ಒಂಬತ್ತು ಒಂಬತ್ತು ಎಂದು ಕೊನೆಯೇ ಇಲ್ಲದೆ ಬರೆಯುತ್ತಾ ಹೋದರೆ ಅದು ಒಂದಕ್ಕಿಂತ ಸಣ್ಣದೋ, ಒಂದಕ್ಕೆ ಸಮವೋ? ಹೆಚ್ಚಿನವರು ಸಣ್ಣದು ಎಂದು ಒತ್ತಿದರು. ಆಮೇಲೆ ಗದ್ದಲ ಶುರುವಾಯಿತು. ನನ್ನ ಪಕ್ಕದಲ್ಲಿ ಬಂಟ್ವಾಳದಿಂದ ಬರುವ ಹುಡುಗನೊಬ್ಬ, ತಂದೆಗೆ ಪೇಟೆಯಲ್ಲಿ ಚಪ್ಪಲಿ ಅಂಗಡಿ, ಎದ್ದು ನಿಂತೇ ವಾದ ಹೂಡಿದ.

"ಬಸ್ಸು ಬಿ.ಸಿ. ರೋಡಿಗೆ ಹತ್ತಿರ ಬಂತು ಅಂದ್ರೆ ಬಂತು ಅಂತ ಅಲ್ಲ ಮ್ಯಾಮ್. ಬ್ಲಾಕಿನಲ್ಲಿ ಸಿಕ್ಕಿಬಿದ್ದವನಿಗೆ ಗೊತ್ತು."

"ನಿನ್ನ ಬಸ್ಸು ನಿಲ್ತದೆ ಮಾರಾಯ," ಎಂದಳು ಎದುರಿನ ಬೆಂಚಿನ ಹುಡುಗಿ, ತಿರುಗಿಯೂ ನೋಡದೆ. "ಈ ಒಂಬತ್ತು ನಿಲ್ಲುವುದೇ ಇಲ್ಲ. ನಿಲ್ಲದಿದ್ರೆ ನಡುವೆ ಜಾಗ ಎಲ್ಲಿ ಉಂಟು? ನೀನು ಜಾಗ ತೋರಿಸು, ನಾನು ಒಪ್ಪುತ್ತೇನೆ."

ಗೆಳತಿ ಗೋಡೆಗೆ ಒರಗಿ ನಿಂತಿದ್ದಳು. ಚಾಕ್‌ಪೀಸ್ ಮೇಜಿನ ಮೇಲೆ. ಇಡೀ ತರಗತಿ ಆ ಇಲ್ಲದ ಜಾಗವನ್ನು ಹುಡುಕುತ್ತಾ ಸುಮ್ಮನಾಯಿತು. ಹತ್ತು ಸೆಕೆಂಡು. ಹದಿನೈದು. ನನಗೆ ತಡೆಯಲಾಗಲಿಲ್ಲ. "ಮೂರನೆಯ ಒಂದು ಭಾಗವನ್ನು ದಶಮಾಂಶದಲ್ಲಿ ಬರೆದು ಮೂರರಿಂದ ಗುಣಿಸಿ ನೋಡಿ ಮಕ್ಕಳೇ," ಎಂದುಬಿಟ್ಟೆ. ಹತ್ತಾರು ತಲೆಗಳು ಪುಸ್ತಕಕ್ಕೆ ಬಗ್ಗಿದವು. ಗೆಳತಿ ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ಬೇಯುತ್ತಿರುವ ಅನ್ನದ ಮುಚ್ಚಳ ತೆಗೆದ ಮಗುವನ್ನು ನೋಡಿದ ಹಾಗೆ.

"ನೀನು ಉತ್ತರ ಹೇಳಿದ್ದಕ್ಕೆ ಬೇಜಾರಿಲ್ಲ," ಎಂದಳು ಹೊರಗೆ ಬಂದ ಮೇಲೆ. "ಆ ಹೊತ್ತು ಅವರದ್ದು. ಅದನ್ನು ತೆಗೆದುಕೊಂಡೆ ನೋಡು."

"ಎಂಥ ಹೊತ್ತು? ಎಲ್ಲ ಪಿಳಿಪಿಳಿ ನೋಡ್ತಾ ಕೂತಿದ್ದರು."

"ಅದೇ ಹೊತ್ತು," ಎಂದು ನಕ್ಕಳು.

ಆ ನಗುವಿನ ಸ್ವರ ಒಡೆದಿತ್ತು. ಶೀತ ಎಂದಳು. ಬೇಸಿಗೆ ಬಂದರೂ ಶೀತ ಹೋಗಲಿಲ್ಲ. ಮಂಗಳೂರಿನ ಆಸ್ಪತ್ರೆಯಲ್ಲಿ ನೋಡಿ ಗಂಟಲಿನಲ್ಲಿ ಗಂಟಿದೆ ಎಂದರು. ಯಾವ ಜಾತಿಯ ಗಂಟು ಎಂದೂ ಹೇಳಿದರು. ಮೂರು ವಾರ ಬಿಟ್ಟು ಆಪರೇಷನ್. ಆಮೇಲೆ ಸ್ವರ ಉಳಿದರೆ ಉಳಿಯಿತು, ಇಲ್ಲವಾದರೆ ಇಲ್ಲ. ವೈದ್ಯರು ಇದನ್ನು ಅವಳಿಗೇ ನೇರ ಹೇಳಿದರಂತೆ. ಅವಳೇ ಹಾಗೆ ಕೇಳಿಕೊಂಡಿದ್ದಳು.

ಮರುದಿನ ಸ್ಟಾಫ್ ರೂಮಿನಲ್ಲಿ ನಾನು ಕಣ್ಣು ಒರೆಸುತ್ತಾ ಕೂತಿದ್ದರೆ ಅವಳು ಮುಂದಿನ ಸೆಮಿಸ್ಟರಿನ ಪಠ್ಯದ ಹಾಳೆ ತೆಗೆದು ಪೆನ್ಸಿಲಿನಲ್ಲಿ ಭಾಗ ಮಾಡುತ್ತಿದ್ದಳು. ಶ್ರೇಣಿಗಳ ಪಾಠ, ಅವಳಿಗೆ ಪ್ರಾಣ. ಅದನ್ನು ಮೂವತ್ತೊಂದು ತುಂಡು ಮಾಡಿದಳು.

"ಮೂವತ್ತೊಂದು ವಿಡಿಯೊ ಮಾಡ್ತೇನೆ. ಮಕ್ಕಳು ಮನೆಯಲ್ಲಿ ನೋಡಿ ಬರಲಿ. ತರಗತಿಯಲ್ಲಿ ನೀನು ಎಲೆಕ್ಷನ್ ಮಾತ್ರ ಮಾಡು. ಪಾಠ ನನ್ನದೇ ಇರಲಿ."

"ಸ್ವರ ಬರ್ತದೆ ಮಾರಾಯ್ತಿ ನಿನ್ನದು. ಹಾಗೆಲ್ಲ ಮಾತಾಡಬೇಡ."

"ಬಂದರೆ ಒಳ್ಳೆಯದಾಯ್ತು. ಬಾರದಿದ್ದರೆ ಇದು ಉಂಟು."

ಮೂರು ವಾರ ದಿನಾ ಸಂಜೆ ಅವಳ ಮನೆಗೆ ಹೋದೆ. ಅವರಲ್ಲಿ ಸೂರ್ಯ ಮುಳುಗುವ ಮೊದಲೇ ಊಟ. ಐದಕ್ಕೆ ಉಂಡು, ಬೆಳಕು ಇರುವಷ್ಟು ಹೊತ್ತು ಮಹಡಿಯ ಕೋಣೆಯಲ್ಲಿ ಕಿಟಕಿಯ ಹತ್ತಿರ ಕೂತು ರೆಕಾರ್ಡ್ ಮಾಡುವಳು. ಟ್ಯಾಬಿನ ಮೇಲೆ ಪ್ಲಾಸ್ಟಿಕ್ಕಿನ ಪೆನ್ನಿನಿಂದ ಬರೆಯುವುದು, ಬರೆದದ್ದರ ಮೇಲೆ ಅವಳ ಸ್ವರ. ಮುಖ ಕಾಣುವುದಿಲ್ಲ. ಮೊದಲ ದಿನ ನಾನೂ ಒಳಗೆ ಕೂತೆ. ಎರಡು ಸಲ ಕೆಮ್ಮಿದೆ, ಒಂದು ಸಲ "ಆಹಾ" ಎಂದೆ. ಮರುದಿನದಿಂದ ನನ್ನನ್ನು ಕೆಳಗೆ ಜಗಲಿಗೆ ಅಟ್ಟಿದಳು. ನಾನು ಅವಳ ಅಮ್ಮನ ಜೊತೆ ಕೂತು ಮಲ್ಲಿಗೆ ಕಟ್ಟುತ್ತಾ ಮೇಲಿನ ಸ್ವರ ಕೇಳುತ್ತಿದ್ದೆ. ನಡುನಡುವೆ ಸ್ವರ ನಿಲ್ಲುವುದು. ಆಗ ಅಮ್ಮ ಕೈಯ ನೂಲು ಹಾಗೇ ಹಿಡಿದು ಮೆಟ್ಟಿಲ ಕಡೆ ನೋಡುವರು. ಪುನಃ ಸ್ವರ ಬಂದರೆ ಇನ್ನೊಂದು ಹೂ ಪೋಣಿಸುವರು.

ಅವಳ ಟ್ಯಾಬು ಹಳೆಯದು, ಜಾಗ ಸಾಲದು. ದಿನ ಬಿಟ್ಟು ದಿನ ವಿಡಿಯೊಗಳನ್ನು ನನ್ನ ಫೋನಿಗೆ ಹಾಕಿ ಅದರಲ್ಲಿ ಅಳಿಸುತ್ತಿದ್ದಳು. "ನಿನ್ನ ಹತ್ತಿರ ಉಂಟಲ್ಲ," ಎನ್ನುವಳು. ಹೌದು, ನನ್ನ ಹತ್ತಿರ ಇತ್ತು. ಮೂವತ್ತೊಂದೂ.

ಆಪರೇಷನ್ ಆಯಿತು. ಸ್ವರ ಬರಲಿಲ್ಲ.

ಸೆಮಿಸ್ಟರ್ ಶುರುವಾಯಿತು. ಅವಳ ತರಗತಿ ನಾನೇ ತೆಗೆದುಕೊಂಡೆ. ವಿಡಿಯೊಗಳನ್ನು ತರಗತಿಯ ಗುಂಪಿಗೆ ಒಂದೊಂದಾಗಿ ಹಾಕತೊಡಗಿದೆ. ಎರಡು ದಿನದಲ್ಲಿ ದೂರು ಬಂತು. ತಂದವಳು ಒಂಬತ್ತರ ವಾದದಲ್ಲಿ ಗೆದ್ದ ಅದೇ ಹುಡುಗಿ. ಅವಳ ಮನೆ ಬೆಳ್ತಂಗಡಿಯಿಂದಲೂ ಒಳಗೆ, ಘಟ್ಟದ ಬುಡದಲ್ಲಿ. ದಿನಾ ಎರಡು ಬಸ್ಸು ಹಿಡಿದು ಬರುವವಳು.

"ಮ್ಯಾಮ್, ವಿಡಿಯೊ ತುಂಬ ಭಾರ ಉಂಟು. ನಮ್ಮಲ್ಲಿ ನೆಟ್ ಸಿಗುವುದು ಮನೆಯ ಹಿಂದಿನ ಬಂಡೆಯ ಮೇಲೆ ಮಾತ್ರ. ಒಂದು ಇಳಿಸ್ಲಿಕ್ಕೆ ಅರ್ಧ ಗಂಟೆ ಅಲ್ಲಿ ನಿಲ್ಲಬೇಕು. ಅಮ್ಮ ಕೇಳ್ತಾರೆ, ಬಂಡೆಯ ಮೇಲೆ ಯಾರಿಗೆ ಕಾಯ್ತಾ ಇದ್ದಿ ಅಂತ."

ಎಲ್ಲರೂ ನಕ್ಕರು. ಚಪ್ಪಲಿ ಅಂಗಡಿಯ ಹುಡುಗ ಸೇರಿಸಿದ: "ಮತ್ತೆ ಅದು ನಡುವೆ ನಡುವೆ ಸ್ಟಕ್ ಆಗ್ತದೆ ಮ್ಯಾಮ್. ಅರ್ಧ ನಿಮಿಷ ಎಂಥ ಸೌಂಡೂ ಇಲ್ಲ."

ನನಗೆ ಪಾಪ ಎನಿಸಿತು. ಬಂಡೆಯ ಮೇಲೆ ನಿಂತ ಹುಡುಗಿ ಕಣ್ಣಿಗೆ ಕಟ್ಟಿದಳು. ಮನೆಗೆ ಹೋಗಿ ವಿಡಿಯೊ ಕತ್ತರಿಸುವ ಒಂದು ಆ್ಯಪ್ ಹಾಕಿಕೊಂಡೆ. ಅದರಲ್ಲಿ ಒಂದು ಗುಂಡಿ: ಸದ್ದಿಲ್ಲದ ಭಾಗಗಳನ್ನು ತೆಗೆಯಿರಿ. ಒತ್ತಿದೆ. ಹದಿನೆಂಟು ನಿಮಿಷದ್ದು ಹನ್ನೊಂದಕ್ಕೆ ಇಳಿಯಿತು. ಎಷ್ಟು ಸಲೀಸು! ಅಜ್ಜಿ ಬೀಡಿ ಎಲೆಯ ಮೇಲೆ ಅಳತೆಯ ತಗಡು ಇಟ್ಟು ಸುತ್ತ ಕತ್ತರಿಸಿದರೆ ಉಳಿದ ಚೂರು ನೇರ ಬಚ್ಚಲ ಒಲೆಗೆ. ಆ ಚೂರಿನ ಬಗ್ಗೆ ನಾವು ಯಾವತ್ತೂ ಯೋಚಿಸಿದವರಲ್ಲ. ಒಂದು ಭಾನುವಾರ ಮಧ್ಯಾಹ್ನ ಕೂತು ಮೂವತ್ತೊಂದನ್ನೂ ಕತ್ತರಿಸಿ ಗುಂಪಿಗೆ ಹಾಕಿದೆ. ಫೋನು ತುಂಬಿದೆ, ತುಂಬಿದೆ ಎಂದು ಬಡಿದುಕೊಳ್ಳುತ್ತಿತ್ತು. ಮೂಲವನ್ನು ಅಳಿಸಿದೆ, ಗುಂಪಿಗೆ ಮೊದಲು ಹಾಕಿದ್ದನ್ನೂ. ಕಸದ ಬುಟ್ಟಿಯಿಂದಲೂ ಅಳಿಸಿದೆ. ಕೆಲಸ ಮಾಡಿದರೆ ಚೊಕ್ಕ ಮಾಡಬೇಕು ಎಂದು ಕಲಿಸಿದ್ದರಲ್ಲ ಹಿರಿಯರು.

"ಈಗ ಸರಾಗ ಉಂಟು ಮ್ಯಾಮ್," ಎಂದರು ಮಕ್ಕಳು. ಎಲ್ಲರೂ ನೋಡಿಕೊಂಡು ಬರುತ್ತಿದ್ದರು, ಎಲ್ಲರೂ ಅರ್ಥವಾಯಿತು ಎನ್ನುತ್ತಿದ್ದರು. ಆದರೆ ತರಗತಿಯಲ್ಲಿ ಮತ ಹಾಕಿಸಿದರೆ ಪಟ್ಟಿಗಳು ನಾಲ್ಕು ದಿಕ್ಕಿಗೆ ಚದುರುವವು. ಜಗಳ ಮಾಡಿ ಎಂದರೆ ಜಗಳ ಹುಟ್ಟುತ್ತಿರಲಿಲ್ಲ. ಗೆಳತಿಯೇ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ, ಏನೇ ಆದರೂ ನಾನು ಅವಳಲ್ಲವಲ್ಲ ಎಂದುಕೊಂಡೆ. ವಿಡಿಯೊ ಕಡೆಗೆ ನನ್ನ ಬುದ್ಧಿ ಹೋಗಲೇ ಇಲ್ಲ.

ಒಂದು ಶನಿವಾರ ಮಧ್ಯಾಹ್ನ ಅವಳನ್ನು ನೋಡಲು ಹೋದೆ. ಕುತ್ತಿಗೆಗೆ ತೆಳ್ಳನೆಯ ಶಾಲು. ಮಡಿಲಲ್ಲಿ ಮಕ್ಕಳ ಆಟದ ಸ್ಲೇಟು, ಬರೆದು ಪಟ್ಟಿ ಎಳೆದರೆ ಅಳಿಸಿಹೋಗುವಂಥದ್ದು. ಅವಳು ಅದರಲ್ಲಿ ಬರೆಯುವಳು, ನಾನು ಓದಿ ಉತ್ತರ ಕೊಡುವೆ. ನನ್ನ ಮಾತು ಹೆಚ್ಚಾದರೆ ಸ್ಲೇಟಿನ ಮೂಲೆಯಲ್ಲಿ ಒಂದು ಚುಕ್ಕೆ ಇಡುವಳು, ಪೂರ್ಣವಿರಾಮ. ಇಬ್ಬರೂ ನಗುವೆವು, ಅವಳದು ಗಾಳಿ ಮಾತ್ರ.

ಮಕ್ಕಳಿಗೆ ಸುಲಭವಾಗಲಿ ಎಂದು ವಿಡಿಯೊ ಸಣ್ಣದು ಮಾಡಿದ ಸಂಗತಿಯನ್ನು ನಾನೇ ಹೆಮ್ಮೆಯಿಂದ ಹೇಳಿದೆ. ಏಳನೆಯದನ್ನು ಹಾಕಿ ಫೋನು ಅವಳ ಕೈಗೆ ಕೊಟ್ಟೆ. ಅವಳು ನೋಡಿದಳು. ಹಿಂದಕ್ಕೆ ಎಳೆದು ಪುನಃ ನೋಡಿದಳು. ನಂತರ ಹನ್ನೆರಡನೆಯದನ್ನು. ಫೋನು ಮಡಿಲಿಗೆ ಇಟ್ಟು ಸ್ಲೇಟಿನಲ್ಲಿ ಬರೆದಳು.

'ನಾನು ಕಾದದ್ದು ಎಲ್ಲಿ?'

ಒಂದು ಕ್ಷಣ ನನಗೆ ತಿಳಿಯಲಿಲ್ಲ. ತಿಳಿದ ಕೂಡಲೇ ನಾಲಗೆ ತಾನೇ ಓಡಿತು. "ಅಯ್ಯೋ, ಅದು ಆ್ಯಪ್ ತಾನಾಗಿ ಮಾಡಿದ್ದು ಮಾರಾಯ್ತಿ. ನನಗೆ ಗೊತ್ತೇ ಆಗಲಿಲ್ಲ."

ಅವಳು ಪಟ್ಟಿ ಎಳೆದಳು. 'ಮೊದಲಿನದ್ದು?'

ನಾನು ಅವಳ ಮಡಿಲಿನಿಂದ ಫೋನು ತೆಗೆದು ಚೀಲಕ್ಕೆ ಹಾಕಿಕೊಂಡೆ. ಅವಳ ಅಮ್ಮ ಬೆಲ್ಲದ ಕಷಾಯ ತಂದರು. ಇಬ್ಬರನ್ನೂ ನೋಡಿ, "ಎಂಥ, ಇವತ್ತು ನಿಮ್ಮದೂ ಮೌನವಾ?" ಎಂದು ನಗುತ್ತಾ ಲೋಟ ಇಟ್ಟು ಹೋದರು.

ಅವಳು ಕಿಟಕಿಯ ಕಡೆ ನೋಡುತ್ತಿದ್ದಳು. ಕಷಾಯ ಮುಟ್ಟದೆ ಸ್ಲೇಟು ತೆಗೆದುಕೊಂಡಳು. ಬೈಯಲಿ ಎಂದು ಕಾದೆ. ಬರೆದದ್ದು ಇಷ್ಟೆ: 'ನಿನ್ನ ಬಸ್ಸಿಗೆ ಹೊತ್ತಾಯ್ತು.'

ಸಿದ್ಧಕಟ್ಟೆಯ ದಾರಿಯಾಗಿ ಬಂಟ್ವಾಳಕ್ಕೆ ಬರುವ ಆ ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ. ಪ್ರತಿ ವಿಡಿಯೊದಲ್ಲಿ ಆರೇಳು ನಿಮಿಷ. ಮೂವತ್ತೊಂದು ವಿಡಿಯೊ. ಸ್ವರ ಹೋಗುತ್ತದೆ ಎಂದು ಗೊತ್ತಿದ್ದವಳು, ಒಂದೊಂದು ಮಾತನ್ನೂ ಅಳೆದು ಆಡಬೇಕಾದ ಆ ಮೂರು ವಾರದಲ್ಲಿ, ಮೂರು ಗಂಟೆಗೂ ಹೆಚ್ಚು ಹೊತ್ತು ಮಾತಾಡದೆ ಕೂತಿದ್ದಳು. ಆ ಹುಡುಗಿ ಬಂಡೆಯ ಮೇಲೆ ಯೋಚಿಸಲಿ ಎಂದು. ಆ ಹುಡುಗ ಬಸ್ಸಿನಲ್ಲಿ ಯೋಚಿಸಲಿ ಎಂದು. ಅವಳು ಕೊಟ್ಟದ್ದರಲ್ಲಿ ಅತಿ ದುಬಾರಿಯಾದದ್ದನ್ನೇ ನಾನು ಚೂರು ಎಂದು ಒಲೆಗೆ ಹಾಕಿದ್ದೆ.

ಭಾನುವಾರ ಸಂದೇಶ ಕಳಿಸಿದೆ: 'ಆ್ಯಪ್ ಅಲ್ಲ. ನಾನೇ ಗುಂಡಿ ಒತ್ತಿದ್ದು. ಮೊದಲಿನದ್ದು ಅಳಿಸಿದ್ದೂ ನಾನೇ.'

ಉತ್ತರ ಬಂದದ್ದು ಸೋಮವಾರ ಬೆಳಿಗ್ಗೆ. 'ಗೊತ್ತಿತ್ತು.' ಅದರ ಕೆಳಗೆ ಹತ್ತು ಹನ್ನೆರಡು ಸಾಲಿನ ಇನ್ನೊಂದು, ಅದರಲ್ಲಿ ಕೆಲವು: 'ವಿಡಿಯೊ ಒಂದು. ಎರಡು ನಿಮಿಷ ನಲವತ್ತರಲ್ಲಿ ನಿಲ್ಲಿಸು, ಇಪ್ಪತ್ತು ಸೆಕೆಂಡು. ಐದು ನಿಮಿಷ ಹತ್ತರಲ್ಲಿ, ಮೂವತ್ತೈದು ಸೆಕೆಂಡು. ಒಂಬತ್ತು ನಿಮಿಷದಲ್ಲಿ, ಒಂದು ನಿಮಿಷ ಪೂರ್ತಿ. ಇಲ್ಲಿ ನೀನು ಮಾತಾಡಬೇಡ.'

ಅಂದಿನಿಂದ ವಾರಕ್ಕೆ ಎರಡು, ಮೂರು ವಿಡಿಯೊಗಳ ಪಟ್ಟಿ ಬರತೊಡಗಿತು. ಕತ್ತರಿಸಿದ ವಿಡಿಯೊವನ್ನೇ ಕೇಳಿ, ಯಾವ ಪ್ರಶ್ನೆಯ ನಂತರ ಎಷ್ಟು ಕಾದಿದ್ದೆ ಎಂದು ನೆನಪಿನಿಂದ ತೆಗೆದು ಬರೆಯುತ್ತಿದ್ದಳು. ಒಮ್ಮೆ ಅವಳ ಅಮ್ಮ ಫೋನು ಮಾಡಿದರು. "ಇಡೀ ದಿನ ಅದನ್ನೇ ಕೇಳ್ತಾಳೆ ಮಗಾ. ಅವಳ ಸ್ವರ ಮಹಡಿಯಿಂದ ಬರ್ತದೆ. ನಾನು ಅಡಿಗೆಮನೆಯಿಂದ 'ಓ' ಅಂತೇನೆ. ಆಮೇಲೆ ನೆನಪಾಗ್ತದೆ." ಅವರು ಅಳಲಿಲ್ಲ. ನಾಳೆ ಬರುವಾಗ ಎಳನೀರು ತರಬೇಡ, ಅವಳಿಗೆ ಇಳಿಯುವುದಿಲ್ಲ ಎಂದರು.

ನಾನು ಅವಳ ಪಟ್ಟಿಯಂತೆ ನಡೆಯತೊಡಗಿದೆ. ಮನೆಯಲ್ಲಿ ನೋಡಿ ಬಂದ ವಿಡಿಯೊವನ್ನೇ ತರಗತಿಯಲ್ಲಿ ಪುನಃ ಹಾಕಿ, ಅವಳು ಹೇಳಿದ ಜಾಗದಲ್ಲಿ ನಿಲ್ಲಿಸಿ, ಗಡಿಯಾರ ನೋಡುತ್ತಾ ನಿಲ್ಲುವುದು. ಇಪ್ಪತ್ತು ಸೆಕೆಂಡು ಎಷ್ಟು ಉದ್ದ ಎಂದು ಸುಮ್ಮನಿದ್ದವರಿಗೇ ಗೊತ್ತು. ಮೊದಲ ದಿನ ಎರಡು ಸಲ ಚಾಕ್‌ಪೀಸ್ ಎತ್ತಿ ಪುನಃ ಇಟ್ಟೆ. ಚಪ್ಪಲಿ ಅಂಗಡಿಯ ಹುಡುಗ ಪಕ್ಕದವನ ಕಿವಿಯಲ್ಲಿ, ಆದರೆ ಎಲ್ಲರಿಗೂ ಕೇಳುವಂತೆ, "ಮ್ಯಾಮ್‌ಗೆ ಹುಷಾರಿಲ್ಲ ಕಾಣ್ತದೆ, ಒಂದು ನಿಮಿಷದಿಂದ ಮಾತಾಡಲಿಲ್ಲ," ಎಂದ. ಎಲ್ಲರೂ ನಕ್ಕರು. ನಾನು ಬಾಯಿ ತೆರೆಯಲಿಲ್ಲ. ನಗು ಮುಗಿದ ಮೇಲೆ ಬೇರೆ ದಾರಿಯಿಲ್ಲದೆ ಅವರು ಪ್ರಶ್ನೆಯನ್ನು ನೋಡಿದರು. ಮೂರನೆಯ ವಾರದ ಹೊತ್ತಿಗೆ ಜಗಳಗಳು ವಾಪಸು ಬಂದವು, ತುಳುವಿನಲ್ಲಿ, ಬ್ಯಾರಿಯಲ್ಲಿ. ಒಂದು ಮಧ್ಯಾಹ್ನ ಗದ್ದಲ ಎಷ್ಟಾಯಿತೆಂದರೆ ಪಕ್ಕದ ಕೋಣೆಯ ಮೇಷ್ಟ್ರು ಬಂದು ಇಣುಕಿದರು. ಆ ಗದ್ದಲವನ್ನು ಫೋನಿನಲ್ಲಿ ಹಿಡಿದು ಅವಳಿಗೆ ಕಳಿಸಿದೆ. ಅವಳು ಒಂದು ಚುಕ್ಕೆ ಕಳಿಸಿದಳು. ಪೂರ್ಣವಿರಾಮ.

ಹದಿನಾಲ್ಕನೆಯ ವಿಡಿಯೊದ ಪಟ್ಟಿ ಅರ್ಧ ವಾಕ್ಯಗಳಲ್ಲಿ ಬಂತು. ಹದಿನೈದರದ್ದು ಬರಲಿಲ್ಲ. ಗಂಟು ಮತ್ತೆ ಹಬ್ಬಿ ಆಸ್ಪತ್ರೆಗೆ ಸೇರಿಸಿದ್ದರು. ನಾನು ಹೋದಾಗ ಕಣ್ಣು ಮುಚ್ಚಿದ್ದಳು. ಸ್ಲೇಟು ಮೇಜಿನ ಮೇಲೆ ಔಷಧಿಯ ಬಾಟಲಿಗಳ ನಡುವೆ ಖಾಲಿಯಿತ್ತು. ಕೈ ಹಿಡಿದು ಕೂತೆ. ಕತೆ ಹೇಳೋಣ ಎನಿಸಿತು. ನೆರೆಯ ವರ್ಷದ ಎಮ್ಮೆಯ ಕತೆ ಅವಳಿಗೆ ಇಷ್ಟ. ಹೇಳಲಿಲ್ಲ. ಹೇಳಬೇಕಿತ್ತೋ ಏನೋ, ಇವತ್ತಿಗೂ ಗೊತ್ತಿಲ್ಲ. ಬೆರಳು ಒಮ್ಮೆ ಅಲುಗಿತು. ಉಪ್ಪೋ, ನೀರೋ, ನನಗೆ ಓದಲು ಬರಲಿಲ್ಲ. ಐದನೆಯ ದಿನ ಹೋಗಿಬಿಟ್ಟಳು.

ಕಾಲೇಜಿನ ಅಂಗಳದಲ್ಲಿ ಎಲ್ಲರನ್ನೂ ಸೇರಿಸಿ ಒಂದು ನಿಮಿಷ ಮೌನ ಎಂದರು. ಕಾಯುವ ಅಭ್ಯಾಸವಾಗಿತ್ತಲ್ಲ, ನನ್ನ ಕಣ್ಣು ತಾನಾಗಿ ಗಡಿಯಾರಕ್ಕೆ ಹೋಯಿತು. ಇಪ್ಪತ್ತೆರಡು ಸೆಕೆಂಡಿಗೆ ಮುಗಿಯಿತು. ಯಾರ ತಪ್ಪೂ ಅಲ್ಲ. ಅಷ್ಟು ಜನ ಸುಮ್ಮನೆ ನಿಂತರೆ ಯಾರಾದರೂ ಬಾಯಿ ಹಾಕಿಯೇ ಹಾಕುತ್ತಾರೆ.

ಆಮೇಲೆ ಎರಡು ವಾರ ನಾನು ವಿಡಿಯೊ ಮುಟ್ಟಲಿಲ್ಲ. ಚಾಕ್‌ಪೀಸ್ ಹಿಡಿದು ನಾನೇ ಪಾಠ ಮಾಡಿದೆ, ಮೊದಲಿನ ಹಾಗೆ, ಬಾಯಿಗೆ ಬಿಡುವು ಕೊಡದೆ. ಉದಾಹರಣೆ, ಉಪಕತೆ, ನಗೆಚಾಟಿಕೆ. ಮಕ್ಕಳು ಒಳ್ಳೆಯವರು, ನಗಬೇಕಾದಲ್ಲಿ ನಕ್ಕರು. ಹದಿನೈದನ್ನು ಹಾಕಿದರೆ ಅವಳ ಪಾಠವನ್ನು ನನ್ನ ಊಹೆಯಿಂದ ಕೆಡಿಸಿದಂತೆ, ಹಾಕದಿದ್ದರೆ ಅವಳು ಪಟ್ಟ ಕಷ್ಟವನ್ನೆಲ್ಲ ಎರಡನೆಯ ಸಲ ಅಳಿಸಿದಂತೆ. ಈ ಎರಡರ ನಡುವೆ ಸಿಕ್ಕಿಕೊಂಡು ಮಾತಾಡುತ್ತಲೇ ಇದ್ದೆ.

ಒಂದು ದಿನ ಘಟ್ಟದ ಬುಡದ ಆ ಹುಡುಗಿ ಸ್ಟಾಫ್ ರೂಮಿಗೆ ಬಂದಳು. ಖಾಲಿ ಕುರ್ಚಿಯನ್ನು ನೋಡಿ, ಅದರಲ್ಲಿ ಕೂರದೆ, ನನ್ನ ಪಕ್ಕ ನಿಂತಳು.

"ತರಗತಿಯಲ್ಲಿ ಹದಿನೈದು ಯಾವಾಗ ಹಾಕ್ತೀರಿ ಮ್ಯಾಮ್?"

"ಎಲ್ಲಿ ನಿಲ್ಲಿಸಬೇಕು ಅಂತ ಬರೆದು ಕೊಡಲಿಲ್ಲ ಅವರು. ಅಷ್ಟರಲ್ಲಿ..."

"ಅದು ಗೊತ್ತಾಗ್ತದಲ್ಲ ಮ್ಯಾಮ್."

"ಹೇಗೆ?"

ಅವಳು ಇಯರ್‌ಫೋನ್ ತೆಗೆದು ಒಂದು ತುದಿ ತನ್ನ ಕಿವಿಗೆ, ಒಂದು ನನ್ನ ಕಿವಿಗೆ ಇಟ್ಟಳು. ಹದಿನೈದನೆಯ ವಿಡಿಯೊ. ಒಂದು, ಅದಕ್ಕೆ ಅರ್ಧ ಕೂಡಿಸಿ, ಅದಕ್ಕೆ ಮೂರನೆಯ ಒಂದು, ನಾಲ್ಕನೆಯ ಒಂದು, ಹೀಗೆ ಕೂಡಿಸುತ್ತಲೇ ಹೋಗುವ ಪಾಠ.

"ಈಗ ಕೇಳಿ," ಎಂದಳು ಹುಡುಗಿ.

ಪ್ರಶ್ನೆ ಮುಗಿಯಿತು. ಟಕ್. ಟಕ್. ಪಾಠ ಮುಂದುವರಿಯಿತು.

"ಕೇಳ್ತಾ? ಮ್ಯಾಮ್ ಪೆನ್ನು ಕೆಳಗಿಡ್ತಾರೆ, ಕೂಡಲೇ ಎತ್ತಿಕೊಳ್ತಾರೆ. ಎಲ್ಲ ವಿಡಿಯೊದಲ್ಲಿ ಉಂಟು. ಇಟ್ಟ ಪೆನ್ನು ಅಷ್ಟು ಬೇಗ ಯಾಕೆ ಎತ್ತುತ್ತಾರೆ ಅಂತ ಬಸ್ಸಿನಲ್ಲಿ ಯೋಚಿಸ್ತಾ ಇದ್ದೆ. ಆಮೇಲೆ ನೀವು ತರಗತಿಯಲ್ಲಿ ನಿಲ್ಲಿಸುವ ಜಾಗ ನೋಡಿದೆ. ಎಲ್ಲ ಈ ಎರಡು ಸೌಂಡಿನ ನಡುವೆ."

ಮೇಜಿನ ಮೇಲೆ ಇಡುತ್ತಿದ್ದ ಚಾಕ್‌ಪೀಸ್. ಟ್ಯಾಬಿನ ಪಕ್ಕ ಇಟ್ಟ ಪ್ಲಾಸ್ಟಿಕ್ ಪೆನ್ನು. ಸದ್ದಿಲ್ಲದ್ದನ್ನು ತೆಗೆಯುವ ಗುಂಡಿ ಸದ್ದಿದ್ದ ಈ ಎರಡು ಟಕ್ಕುಗಳನ್ನು ಮುಟ್ಟಿರಲಿಲ್ಲ. ಮೂವತ್ತೊಂದು ವಿಡಿಯೊಗಳನ್ನು ಅಷ್ಟು ಸಲ ಹಾಕಿದವಳು ನಾನು. ನನಗೆ ಒಮ್ಮೆಯೂ ಕೇಳಿಸಿರಲಿಲ್ಲ. ಹೇಗೆ ಕೇಳಬೇಕು? ವಿಡಿಯೊ ಓಡುವಾಗಲೂ ನಾನು ಪಕ್ಕದಲ್ಲಿ ನಿಂತು "ಗಮನಿಸಿ ಮಕ್ಕಳೇ, ಇದು ಮುಖ್ಯ," ಎನ್ನುತ್ತಲೇ ಇದ್ದೆನಲ್ಲ.

"ನಿನಗೆ ನಾನು ಒಂದು ಹೇಳಬೇಕು," ಎಂದೆ. ಅವು ಸ್ಟಕ್ ಆದದ್ದಲ್ಲ, ಕಾದದ್ದು. ನಿಮಗೆ ಭಾರವಾಗುತ್ತದೆ ಎಂದು ಕತ್ತರಿಸಿದ್ದು ನಾನು ಎಂದು ಹೇಳಿದೆ.

ಹುಡುಗಿಯ ಮುಖ ಸಣ್ಣದಾಯಿತು. "ನಾನು ಹೇಳಿದ್ದಕ್ಕಾ ಮ್ಯಾಮ್?"

"ಅಲ್ಲ ಮಗಾ. ನಾನು ಕೇಳದೆ ಮಾಡಿದ್ದಕ್ಕೆ."

ಅವಳು ಇಯರ್‌ಫೋನಿನ ವಯರು ಸುತ್ತಿದಳು, ಬಿಚ್ಚಿದಳು, ಪುನಃ ಸುತ್ತಿದಳು. "ಬಂಡೆಯ ಮೇಲೆ ಇನ್ನೊಂದು ಅರ್ಧ ಗಂಟೆ ನಿಲ್ತಿದ್ದೆ ಮ್ಯಾಮ್. ಗೊತ್ತಿದ್ದರೆ ನಿಲ್ತಿದ್ದೆ," ಎಂದು ಹೋದಳು.

ಮರುದಿನ ತರಗತಿಯಲ್ಲಿ ಹದಿನೈದನ್ನು ಹಾಕಿದೆ. ಪಕ್ಕದಲ್ಲಿ ನಿಲ್ಲದೆ ಹಿಂದಿನ ಬೆಂಚಿಗೆ ಹೋಗಿ ಕೂತೆ. ಗೋಡೆಯ ಮೇಲೆ ಅವಳ ಅಕ್ಷರ ಬೆಳೆಯುತ್ತಿತ್ತು. ಒಡೆದ, ಆದರೂ ಅವಸರವಿಲ್ಲದ ಆ ಸ್ವರ ಕೇಳಿತು: "ಕೂಡಿಸುವ ತುಂಡು ಪ್ರತಿ ಸಲವೂ ಸಣ್ಣದಾಗುತ್ತಾ ಹೋಗುತ್ತದೆ. ಎಷ್ಟು ಸಣ್ಣದೆಂದರೆ ಇಲ್ಲವೇ ಇಲ್ಲ ಎನ್ನುವಷ್ಟು. ಹಾಗಾದರೆ ಒಟ್ಟು ಮೊತ್ತ ಒಂದು ಕಡೆ ನಿಲ್ಲಲೇಬೇಕಾ?"

ಟಕ್.

ಕೈಯಲ್ಲಿದ್ದ ಫೋನಿನಿಂದ ನಿಲ್ಲಿಸಿದೆ. ಮಕ್ಕಳು ಫೋನಿನಲ್ಲಿ ಮತ ಹಾಕಿದರು. ಹೆಚ್ಚುಕಡಿಮೆ ಎಲ್ಲರೂ ನಿಲ್ಲಬೇಕು ಎಂದೇ ಒತ್ತಿದ್ದರು. ಉತ್ತರ ಅದಲ್ಲ. ಪಟ್ಟಿ ನೋಡಿ ನನ್ನ ನಾಲಗೆ ತುದಿಗೆ ಬಂತು. ಎಲ್ಲಿ ನಿಲ್ಲಿಸಬೇಕು ಎಂದು ಈಗ ಗೊತ್ತಿತ್ತು. ಎಷ್ಟು ಹೊತ್ತು ಎಂದು ಅವಳು ಬರೆದಿರಲಿಲ್ಲ. ಇಪ್ಪತ್ತೋ, ಒಂದು ನಿಮಿಷವೋ. ಇನ್ನು ಮುಂದಿನ ಹದಿನಾರು ವಿಡಿಯೊಗಳಲ್ಲಿ ಯಾವುದಕ್ಕೂ ಬರೆದಿಲ್ಲ. ಕೈಗಡಿಯಾರ ಬಿಚ್ಚಿ ಚೀಲಕ್ಕೆ ಹಾಕಿದೆ.

ಫ್ಯಾನು ತಿರುಗುತ್ತಿತ್ತು. ಹೊರಗೆ ಯಾವುದೋ ಬಸ್ಸು ಹಾರ್ನ್ ಹಾಕಿ ಹೋಯಿತು.

"ಸ್ಟಕ್ ಆಯ್ತಾ ಮ್ಯಾಮ್?" ಎಂದ ಚಪ್ಪಲಿ ಅಂಗಡಿಯ ಹುಡುಗ.

"ಆಗಲಿಲ್ಲ, ನೀನು ಸುಮ್ಮನಿರು ಮಾರಾಯ," ಎಂದಳು ಹುಡುಗಿ, ತಿರುಗಿ ನೋಡದೆ.

ಅವನು ಪುಸ್ತಕಕ್ಕೆ ಬಗ್ಗಿದ. ಗೋಡೆಯ ಮೇಲೆ ಅವಳ ಅರ್ಧ ಬರೆದ ಸಾಲು ಹಾಗೇ ನಿಂತಿತ್ತು, ಕೊನೆಯಲ್ಲಿ ಮೂರು ಚುಕ್ಕೆಗಳು. ನಾನು ಎರಡೂ ಕೈಗಳನ್ನು ಬೆಂಚಿನ ಮೇಲೆ ಇಟ್ಟು, ಯಾರಾದರೂ ಬಾಯಿ ಬಿಡಲಿ ಎಂದು ಕೂತೆ.